ಗುರಾಣಿ ಕೆಳಗಿಟ್ಟ ವೀರ

ಕೇಳುಗರೇ, ನಮಸ್ಕಾರ.

ದೇಶದ ಬಾವುಟವನ್ನೇ ಮೈಮೇಲೆ ತೊಟ್ಟವನಿಗೆ ದೇಶ ಆಳುವವರ ಮೇಲೇ ನಂಬಿಕೆ ಹೋದರೆ? 1974ರಲ್ಲಿ ಈ ಪ್ರಶ್ನೆ ಎತ್ತಿದ್ದು ಅಮೆರಿಕದ ಒಂದು ಕಾಮಿಕ್ಸ್.

ಆ ಕಾಮಿಕ್ಸಿನ ವೀರ ಕ್ಯಾಪ್ಟನ್ ಅಮೆರಿಕ ಹುಟ್ಟಿದಾಗ ಅವನಿಗೆ ಅನುಮಾನವೆಂಬುದೇ ಗೊತ್ತಿರಲಿಲ್ಲ. ಜೋ ಸೈಮನ್, ಜ್ಯಾಕ್ ಕರ್ಬಿ ಎಂಬ ಇಬ್ಬರು ಯಹೂದಿ ತರುಣರ ಸೃಷ್ಟಿ ಅವನು. ಮೊದಲ ಸಂಚಿಕೆಯ ಮುಖಪುಟದಲ್ಲೇ ಹಿಟ್ಲರನ ದವಡೆಗೆ ಗುದ್ದಿದ್ದ. ಅದು ಅಂಗಡಿಗೆ ಬಂದದ್ದು 1940ರ ಡಿಸೆಂಬರಿನಲ್ಲಿ. ಅಮೆರಿಕ ಯುದ್ಧಕ್ಕಿಳಿಯಲು ಇನ್ನೂ ಒಂದು ವರ್ಷವಿತ್ತು! 1954ರಲ್ಲಿ ಅವನನ್ನು ಕಮ್ಯುನಿಸ್ಟರ ಬೇಟೆಗೆ ಬಿಟ್ಟರು. ಓದುಗರು ಕೈಹಿಡಿಯಲಿಲ್ಲ.

1972ರಲ್ಲಿ ಕಥೆಯ ಹೊಣೆ ಸ್ಟೀವ್ ಎಂಗಲ್‌ಹಾರ್ಟ್ ಅವರಿಗೆ ಬಂತು. ಯುದ್ಧ ಮಾಡಲು ಮನಸ್ಸಾಕ್ಷಿ ಒಪ್ಪದೆಂದು ಸೇನೆಯಿಂದ ಹೊರಬಂದವರು ಅವರು. ಐವತ್ತರ ದಶಕದ ಆ ಬೇಟೆಗಾರ ಬೇರೆಯೇ ಒಬ್ಬ, ತಲೆಕೆಟ್ಟವನು ಎಂದು ಬರೆದು, ಇಬ್ಬರನ್ನೂ ಎದುರುಬದುರು ನಿಲ್ಲಿಸಿದರು. ಅದೇ ಮುಖ, ಅದೇ ಉಡುಪು, ಗುದ್ದಾಟ!

ಅಷ್ಟರಲ್ಲಿ, ಅಧ್ಯಕ್ಷ ನಿಕ್ಸನ್ ಕಡೆಯವರು ಎದುರಾಳಿ ಪಕ್ಷದ ಕಚೇರಿಗೆ ಕನ್ನ ಹಾಕಿದ ವಾಟರ್‌ಗೇಟ್ ಹಗರಣ ಬಯಲಾಯಿತು. ಕಥೆಯಲ್ಲಿ ನಮ್ಮ ವೀರ ಒಂದು ಗುಪ್ತಕೂಟದ ಮುಖಂಡನನ್ನು ಅಟ್ಟಿಸಿಕೊಂಡು ಶ್ವೇತಭವನದ ಒಳಗೇ ನುಗ್ಗುತ್ತಾನೆ. ಮುಸುಕು ಕೀಳುತ್ತಾನೆ. ಮುಖ ಅವನಿಗೆ ಕಾಣುತ್ತದೆ, ಓದುಗನಿಗೆ ಕಾಣುವುದಿಲ್ಲ. ಮುಖಂಡ ಅಲ್ಲೇ ಗುಂಡು ಹಾರಿಸಿಕೊಂಡು ಸಾಯುತ್ತಾನೆ. ತಮ್ಮ ಮನಸ್ಸಿನಲ್ಲಿದ್ದದ್ದು ಅಧ್ಯಕ್ಷ ನಿಕ್ಸನ್ ಎಂದು ಎಂಗಲ್‌ಹಾರ್ಟ್ ಆಮೇಲೆ ಹೇಳಿದರು. ನಿಜವಾದ ನಿಕ್ಸನ್ ರಾಜೀನಾಮೆ ಕೊಟ್ಟದ್ದು ಅದೇ ವರ್ಷದ ಆಗಸ್ಟ್ 9ರಂದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಮುಂದಿನ ಸಂಚಿಕೆ, 176ನೆಯದು. ಅದರಲ್ಲಿ ಹೊಸ ಖಳನಾಯಕನಿಲ್ಲ, ಬರೀ ಮಾತು. ಅವನ ಜೊತೆಯ ವೀರರಾದ ಥಾರ್, ಐರನ್ ಮ್ಯಾನ್, ಫಾಲ್ಕನ್ ಒಬ್ಬೊಬ್ಬರಾಗಿ ಬಂದು, ಕ್ಯಾಪ್ಟನ್ ಅಮೆರಿಕನ ವೇಷ ಬಿಡಬೇಡ ಅನ್ನುತ್ತಾರೆ. ಎಲ್ಲರ ಮಾತೂ ಸರಿಯೇ. ಆದರೂ ಅವನು ಬಿಟ್ಟುಬಿಡುತ್ತಾನೆ.

ಆಮೇಲೆ ಹೊಸ ಹೆಸರು: ನೋಮ್ಯಾಡ್, ಅಂದರೆ ನೆಲೆಯಿಲ್ಲದವನು. ಮೊದಲ ಕಾಳಗದಲ್ಲೇ ತನ್ನದೇ ಮೇಲುಹೊದಿಕೆ ಕಾಲಿಗೆ ಸಿಕ್ಕಿ ಮುಗ್ಗರಿಸುತ್ತಾನೆ, ಪಾಪ! ಇತ್ತ ಅವನ ಉಡುಪು ತೊಟ್ಟು ಹೊರಟ ರಾಸ್ಕೋ ಎಂಬ ಹುಡುಗನನ್ನು ವೈರಿ ರೆಡ್ ಸ್ಕಲ್ ಕೊಂದುಹಾಕುತ್ತಾನೆ. ಆ ಹೆಣ ನೋಡಿದ ಮೇಲೆಯೇ ಇವನು ಗುರಾಣಿ ಮತ್ತೆ ಎತ್ತಿಕೊಳ್ಳುವುದು. ಆಳುವವರ ಮೇಲೆ ನಂಬಿಕೆ ಮರಳಿತೆಂದು ಅಲ್ಲ ನೋಡಿ.

1987ರ ಕಥೆಯಲ್ಲಿ ಸರ್ಕಾರ ಅವನಿಗೆ, ಉಡುಪೂ ಗುರಾಣಿಯೂ ನಮ್ಮ ಸ್ವತ್ತು, ನಮ್ಮ ಅಪ್ಪಣೆಯಂತೆ ನಡೆ ಅಂದಿತು. ಎರಡನ್ನೂ ಒಪ್ಪಿಸಿ ಹೊರನಡೆದ.

ನಮಸ್ಕಾರ.