ಗದ್ದುಗೆಯಲ್ಲಿ ಇಲ್ಲದ ಅರಸ

ಎಲ್ಲರಿಗೂ ನಮಸ್ಕಾರ.

ಮಡಿಕೇರಿ ನನಗೆ ಮೊದಲು ಚಿಕ್ಕಮ್ಮನ ಊರು. ಆಮೇಲೆ ಅರಸರ ಊರು. ನೆಂಟರ ಮನೆಯಲ್ಲಿ ಉಳಿದು ಊರು ನೋಡುವ ಸುಖವೇ ಬೇರೆ. ಅಕ್ಕಿ ರೊಟ್ಟಿ ತಿಂದು ಹೊರಡುತ್ತೇವೆ, ಮಳೆ ಹಿಡಿದರೆ ಮನೆಗೆ ಬಂದು ಕಾಫಿ ಕುಡಿದು ಮತ್ತೆ ಹೊರಡುತ್ತೇವೆ.

ಕೊಡಗನ್ನು ಆಳಿದ ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಇಲ್ಲಿ ನೆಲೆಯೂರಿದ. ಅವನ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ, ಊರಿಗೆ ಜಾಫರಾಬಾದ್ ಎಂದು ಹೆಸರಿಟ್ಟ. ಆ ಹೆಸರು ನಿಲ್ಲಲಿಲ್ಲ. ಕೋಟೆಯೊಳಗೆ ಬ್ರಿಟಿಷರು ಕಟ್ಟಿಸಿದ ಸೇಂಟ್ ಮಾರ್ಕ್ ಚರ್ಚು ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಅಂಗಳದ ಮೂಲೆಯಲ್ಲಿರುವ ಗಾರೆಯ ಎರಡು ಆನೆಗಳ ಮುಂದೆ ಮಕ್ಕಳು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಚಿಕ್ಕಮ್ಮ ಅಲ್ಲಿ ಹೆಚ್ಚು ಹೊತ್ತು ನಿಲ್ಲಗೊಡಲಿಲ್ಲ. "ಗದ್ದುಗೆ ನೋಡದೆ ಮಡಿಕೇರಿ ನೋಡಿದೆ ಎನ್ನಬೇಡ" ಎಂದು ಕೈ ಹಿಡಿದು ಹೊರಡಿಸಿದರು.

ಪ್ರವಾಸಿಗರು ಸೂರ್ಯಾಸ್ತ ನೋಡಲು ಸೇರುವ ಉದ್ಯಾನ ರಾಜಾಸೀಟಿನಲ್ಲಿ ಕಾಲಿಡಲು ಜಾಗವಿಲ್ಲದ ದಿನವೂ ಗದ್ದುಗೆಯಲ್ಲಿ ಜನವಿರುವುದಿಲ್ಲ. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಹಾಲೇರಿ ಅರಸರು ವೀರಶೈವರು. ಅವರನ್ನು ಸುಡುತ್ತಿರಲಿಲ್ಲ, ಸಮಾಧಿ ಮಾಡುತ್ತಿದ್ದರು. ಗದ್ದುಗೆ ಎಂದರೆ ಸಿಂಹಾಸನವೂ ಹೌದು, ಸಮಾಧಿಯೂ ಹೌದು. ಕನ್ನಡದ ಈ ಒಂದೇ ಪದದಲ್ಲಿ ಅರಸನ ಇಡೀ ಆಯುಷ್ಯ ಅಡಗಿದೆ. ನಡುವಿನ ಕಟ್ಟಡ ದೊಡ್ಡವೀರರಾಜೇಂದ್ರನದು. ದೂರದಿಂದ ಮಸೀದಿಯೆಂದೇ ತೋರುತ್ತದೆ. ಹತ್ತಿರ ಹೋಗಿ ತಲೆಯೆತ್ತಿ ನೋಡಿ, ಗುಮ್ಮಟದ ಮೂಲೆಮೂಲೆಯಲ್ಲೂ ನಂದಿ ಕುಳಿತಿದೆ! 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಾಲಯದಲ್ಲೂ ಇದೇ ಬಗೆ: ಒಳಗೆ ಶಿವಲಿಂಗ, ಮೇಲೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಟಿಪ್ಪುವಿನೊಡನೆ ವರ್ಷಗಟ್ಟಲೆ ಕಾದಾಡಿದ ಮನೆತನವಿದು. ಕಟ್ಟುವಾಗ ಮಾತ್ರ ಆ ಹಗೆಯನ್ನು ಗೋಡೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಅವರ ಈ ದೊಡ್ಡತನ ನಮ್ಮ ಪಠ್ಯಪುಸ್ತಕಗಳಲ್ಲಿ ಬರಬೇಕು.

ಪಕ್ಕದ ಗದ್ದುಗೆ ಲಿಂಗರಾಜೇಂದ್ರನದು. ಕಟ್ಟಿಸಿದವನು ಮಗ ಚಿಕ್ಕವೀರರಾಜೇಂದ್ರ. ಅಲ್ಲೇ ಸ್ವಲ್ಪ ದೂರದಲ್ಲಿ, ಟಿಪ್ಪುವಿನ ಸೈನ್ಯದೊಡನೆ ಹೋರಾಡಿ ಮಡಿದ ಬಿದ್ದಂಡ ಬೋಪುವಿನ ಸಮಾಧಿಯೂ ಇದೆ. ಸೇನಾನಿಗೆ ಅರಸರ ನೆರೆಯಲ್ಲಿ ಜಾಗ ಸಿಕ್ಕಿತು.

"ಹಾಗಾದರೆ ಮಗನದು ಎಲ್ಲಿ?" ಎಂದು ಕೇಳಿದೆ.

ಚಿಕ್ಕಮ್ಮ ಖಾಲಿ ಹುಲ್ಲಿನತ್ತ ನೋಡಿದರು.

1834ರಲ್ಲಿ ಕಂಪನಿ ಸರ್ಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಾಶಿಗೆ ಕಳುಹಿಸಿತು. 1852ರಲ್ಲಿ ಅವನು ಮಗಳು ಗೌರಮ್ಮನೊಂದಿಗೆ ಲಂಡನ್ನಿಗೆ ಹೋದ. ಮಗಳು ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ತಂದೆ ಕಂಪನಿಯ ವಶದಲ್ಲಿದ್ದ ತನ್ನ ಹಣಕ್ಕಾಗಿ ದಾವೆ ಹೂಡಿ, 1859ರಲ್ಲಿ ಅಲ್ಲಿಯೇ ತೀರಿಕೊಂಡ. ಅವನ ಕ್ರೌರ್ಯದ ಕಥೆಗಳನ್ನು ಕೇಳಿಯೇ ನಾವೆಲ್ಲ ಬೆಳೆದಿದ್ದೇವೆ. ಅವನನ್ನು ನಿರ್ದೋಷಿ ಎನ್ನಲಾರೆ. ಆದರೆ ಆ ಕಥೆಗಳನ್ನು ಬರೆದಿಟ್ಟವರಲ್ಲಿ ಅವನ ರಾಜ್ಯವನ್ನು ಕಸಿದುಕೊಂಡವರೂ ಇದ್ದರೆಂಬುದನ್ನು ಮರೆಯಲೂ ಆರೆ.

"ಅಪ್ಪನಿಗೆ ಇಷ್ಟು ಚೆಂದದ ಮನೆ ಕಟ್ಟಿಸಿದವನು," ಎಂದರು ಚಿಕ್ಕಮ್ಮ. ಅಷ್ಟರಲ್ಲಿ ಮಂಜು ಇಳಿದು ಗುಮ್ಮಟದ ಮೇಲಿನ ನಂದಿಗಳು ಕಾಣದಾದವು. ಅವರು ಸೆರಗಿನಿಂದ ತಲೆ ಮುಚ್ಚಿಕೊಂಡು, ತಂದಿದ್ದ ದಾಸವಾಳವನ್ನು ಲಿಂಗರಾಜನ ಬಾಗಿಲ ಮೆಟ್ಟಿಲ ಮೇಲಿಟ್ಟರು. ಒಂದನ್ನು ಮಾತ್ರ ಹೊರಗೆ, ಹುಲ್ಲಿನ ಮೇಲೆ ಇಟ್ಟರು.