ಬಾವಿಗೆ ಇಳಿಬಿಟ್ಟ ಹಳೇ ಅರಿವಿ

ಕೇಳುಗರೆಲ್ಲಾರಿಗೂ ನಮಸ್ಕಾರ್ರೀ. ವರ್ಣಭೇದದ ಬಗ್ಗೆ ಹತ್ತು ನಿಮಿಷ ಮಾತಾಡ್ರಿ ಟೀಚರ್ ಅಂದಾಗ ನಾ ಮೊದಲ ಒಲ್ಲೆ ಅಂದಿದ್ದೆ, ಯಾಕಂದ್ರ ನಾ ಏನ್ ಪ್ರೊಫೆಸರ್ ಅಲ್ಲ, 31 ವರ್ಷ ಪ್ರೈಮರಿ ಸಾಲ್ಯಾಗ ಕನ್ನಡ ಕಲಿಸಿ ರಿಟೈರ್ ಆದಾಕಿ, ಈಗ ಹುಬ್ಬಳ್ಳ್ಯಾಗ ಮನಿ, ಮೊಮ್ಮಕ್ಕಳು, ಚರ್ಚು ಅಂತ ಇರಾಕಿ. ಆಮ್ಯಾಲೆ ಅನ್ನಿಸ್ತು, ತಪ್ಪು ಮಾಡಿದಾಕಿನ ಮಾತಾಡೋದು ಚಲೋ ಅಂತ.

ತಪ್ಪು ಏನಂದ್ರ, ಒಂದು ಸಲ ಸಾಲ್ಯಾಗ ಕ್ರಿಸ್‌ಮಸ್ ನಾಟಕ ಮಾಡಿಸಿದ್ದೆ. ಕೂಸು ಏಸುವನ್ನ ನೋಡಾಕ ಮೂಡಣ ದೇಶದಿಂದ ಜೋಯಿಸರು ಬರ್ತಾರಲ್ರೀ, ಬೈಬಲಿನ್ಯಾಗ ಅವ್ರು ಮೂರು ಮಂದಿ ಅಂತ ಎಲ್ಲೂ ಬರದಿಲ್ಲ, ಆದ್ರೂ ಕ್ಯಾಲೆಂಡರ್ ಚಿತ್ರದಾಗ ಮೂರ ಇರ್ತಾರ, ಅದ್ರಾಗ ಒಬ್ಬಾಂವ ಕರ್ರಗಿರ್ತಾನ. ನಾನೂ ಹಂಗ ಮಾಡಿದೆ. ಕಾಡಿಗಿಗೆ ಕೊಬ್ಬರಿ ಎಣ್ಣಿ ಕಲಸಿ ಒಬ್ಬ ಹುಡುಗನ ಮಾರಿಗೆ ಬಳದೆ. ಅದ ಕ್ಲಾಸಿನ್ಯಾಗ ಕಲಘಟಗಿ ಕಡಿಂದ ಬಂದು ಹಾಸ್ಟೆಲಿನ್ಯಾಗ ಇದ್ದ ಆಫ್ರಿಕಾ ಮೂಲದ ಸಿದ್ದಿ ಹುಡುಗ ಇದ್ದ, ಅಂವಗ ನಾ ಪರದೆ ಎಳಿಯೋ ಕೆಲಸ ಕೊಟ್ಟಿದ್ದೆ. ಅಂವ ಪರದೆ ಹಗ್ಗ ಹಿಡ್ಕೊಂಡು ನಿಂತಾಂವ ಕೇಳಿದ, ಟೀಚರ್, ಆ ಕಾಡಿಗಿ ತೊಳದ್ರ ಹೊಕ್ಕೈತೇನ್ರಿ? ಹೊಕ್ಕೈತಿ ತಗೋ ಅಂದೆ. ಎಲ್ಲಾರೂ ನಕ್ಕರು, ಅಂವನೂ ನಕ್ಕ. ಆ ಪ್ರಶ್ನಿ ನನಗ ತಿಳಿಯಾಕ ಹನ್ನೆರಡು ವರ್ಷ ಹಿಡೀತ್ರೀ.

ಸಿದ್ದಿ ಮಂದಿ ಅಂದ್ರ ಯಾರು ಅಂತ ನಮ್ಮ ಊರಾಗ ಭಾಳ ಮಂದಿಗೆ ಗೊತ್ತ ಇಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಮತ್ತ ಇಲ್ಲೇ ನಮ್ಮ ಕಲಘಟಗಿ ಅಡವಿ ಅಂಚಿನ ಊರುಗಳಾಗ ಇರ್ತಾರ. ಪೋರ್ಚುಗೀಜರ ಕಾಲದಾಗ ಆಫ್ರಿಕಾದಿಂದ ಇವರ ಹಿರಿಯರನ್ನ ಗುಲಾಮರನ್ನಾಗಿ ಗೋವಾಕ್ಕ ತಂದು ಮಾರತಿದ್ರು, ಅಲ್ಲಿಂದ ತಪ್ಪಿಸ್ಕೊಂಡು ಘಟ್ಟ ಏರಿ ಅಡವಿ ಸೇರಿದವರ ಮಕ್ಕಳು ಮೊಮ್ಮಕ್ಕಳು ಇವ್ರು. ಇವ್ರಾಗ ಹಿಂದೂಗಳೂ ಅದಾರ, ಮುಸಲ್ಮಾನರೂ ಅದಾರ, ಕ್ರೈಸ್ತರೂ ಅದಾರ. ಆಫ್ರಿಕಾದಿಂದ ಬಂದವ್ರೆಲ್ಲಾ ಅಡವಿ ಸೇರಿದ್ರು ಅಂತನೂ ಅಲ್ಲ, ಬಿಜಾಪುರದ ಆದಿಲಶಾಹಿ ದರಬಾರದಾಗ ಇಖ್ಲಾಸ್ ಖಾನ್ ಅಂತ ದೊಡ್ಡ ಮಂತ್ರಿ ಇದ್ದ, ಅಂವನೂ ಆಫ್ರಿಕಾ ಮೂಲದಾಂವ, ಆದ್ರ ಗೋಳಗುಮ್ಮಟ ನೋಡಾಕ ಮಕ್ಕಳನ್ನ ಟ್ರಿಪ್ ಕರ್ಕೊಂಡು ಹೋದಾಗ ನಾ ಒಂದ್ ಸಲನೂ ಅದನ್ನ ಹೇಳಿಲ್ಲ. ಉತ್ತರ ಕನ್ನಡದ ಸಿದ್ದಿಗಳನ್ನ ಪರಿಶಿಷ್ಟ ಪಂಗಡಕ್ಕ ಸೇರಿಸಿದ್ದು 2003ರಾಗ, ನಮ್ಮ ಧಾರವಾಡ ಮತ್ತ ಬೆಳಗಾವಿ ಜಿಲ್ಲಾದವರು ಸೇರಾಕ 2020ರ ತನಕ ಕಾಯಬೇಕಾತು. ಅದ ವರ್ಷ ಶಾಂತಾರಾಮ ಸಿದ್ದಿ ಅವ್ರು ವಿಧಾನ ಪರಿಷತ್ತಿಗೆ ನಾಮಕರಣ ಆದ್ರು, ಸಿದ್ದಿಗಳಾಗ ಅಲ್ಲಿ ಹೋದ ಮೊದಲನೇದವ್ರು.

ಇಷ್ಟೆಲ್ಲಾ ಇದ್ರೂ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ್ಯಾಗ ಸಿದ್ದಿ ಹುಡುಗ ನಿಂತ್ರ ಏನ್ ಕೇಳ್ತಾರ? ಯಾವ ದೇಶದಾಂವೋ ತಮ್ಮ, ಕನ್ನಡ ಬರತೈತೇನು ಅಂತಾರ. ಅಂವಗ ನಮಗಿಂತ ಚಲೋ ಬರತೈತ್ರೀ. ಧಾರವಾಡದ ಕಾಲೇಜಿಗೆ ಈಶಾನ್ಯ ರಾಜ್ಯದಿಂದ ಬಂದ ಹುಡುಗೂರಿಗೂ ಇದ ಕಥಿ, ಮಣಿಪುರ ಅಂದ್ರ ಅದು ಇಂಡಿಯಾದಾಗ ಐತೇನು ಅಂತ ಕೇಳೋ ಮಂದಿ ಅದಾರ.

ನಮ್ಮ ಚರ್ಚಿನವ್ರು ಹಂಗಲ್ಲ ಅಂತ ಅನ್ಕೋಬ್ಯಾಡ್ರಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ದವ್ರು 1837ರಾಗ ಧಾರವಾಡಕ್ಕ, 1839ರಾಗ ಹುಬ್ಬಳ್ಳಿಗೆ ಬಂದವ್ರು, ಜಾತಿ ಬಿಟ್ಟ ಬರಬೇಕು ಅಂತ ಹಠ ಹಿಡಿದವ್ರು. ನಾವು ಜಾತಿ ಬಿಟ್ವಿ ಅಂತ ಹೇಳ್ಕೋತ, ಮಗಗ ಹೆಣ್ಣು ನೋಡಾಕ ಹೋಗಿ ಬಂದಾಕಿಗೆ ಮೊದಲ ಏನ್ ಕೇಳ್ತೀವಿ, ಹುಡುಗಿ ಬಣ್ಣ ಹೆಂಗೈತಿ? ಆ ಒಂದು ಕ್ರೀಮು ಇತ್ತಲ್ರೀ ಬೆಳ್ಳಗ ಆಗಾಕ, 2020ರಾಗ ಹೆಸರು ಬದಲಿ ಮಾಡಿದ್ರು, ಹೆಸರಷ್ಟ ಹೋತು, ಹಚ್ಕೊಳ್ಳೋರು ಹಚ್ಕೊಳ್ಳಾಕತ್ತಾರ. ಅದನ್ನ ನೋಡಿದಾಗೆಲ್ಲಾ ನನಗ ಮಿರ್ಯಾಮಳು ನೆನಪಾಗ್ತಾಳ. ಬೈಬಲಿನ್ಯಾಗ ಇಸ್ರಾಯೇಲರ ಮುಂದಾಳು ಮೋಶೆ ಕೂಷ್ ದೇಶದಾಕಿನ್ನ, ಅಂದ್ರ ಈಜಿಪ್ತಿನ ಕೆಳಗಿನ ಆಫ್ರಿಕಾದ ಕಡಿಯಾಕಿನ್ನ ಮಾಡ್ಕೊಂಡ ಅಂತ ಅವನ ಸ್ವಂತ ಅಕ್ಕ ಮಿರ್ಯಾಮ, ಅಣ್ಣ ಆರೋನ ಇಬ್ಬರೂ ಆಡ್ಕೊಂಡ್ರು. ಬಣ್ಣದ ಸಲುವಾಗಿ ಆಡ್ಕೊಂಡ್ರು ಅಂತ ಅಲ್ಲಿ ಬರದಿಲ್ಲ, ನಾ ಸೇರಿಸಿ ಹೇಳೂದಿಲ್ಲ. ಆದ್ರ ಆಕಿಗೆ ಬಂದದ್ದು ಏನು? ಮೈಯೆಲ್ಲಾ ತೊನ್ನು, ಹಿಮದ್ಹಂಗ ಬೆಳ್ಳಗ. ಬಿಳುಪು ಬೇಕಾಗಿತ್ತಾ, ತಗೋ ಅಂದಂಗ! ಏಳು ದಿನ ಪಾಳ್ಯದ ಹೊರಗ ಇದ್ದಳು, ಆಕಿ ಒಳಗ ಬರೂತನಕ ಅಷ್ಟೂ ಮಂದಿ ಮುಂದ ಹೆಜ್ಜಿ ಇಡಲಿಲ್ಲ.

ಇರ್ಲಿ, ಕೆಲಸದ ಮಾತಿಗೆ ಬರ್ತೀನಿ. ರಿಟೈರ್ ಆದಮ್ಯಾಲೆ ನಾವು ಎಂಟು ಹತ್ತು ಮಂದಿ ಹೆಣ್ಣಮಕ್ಕಳು ಕೂಡಿ ಕಲಘಟಗಿ ಕಡೆ ಒಂದು ಸಿದ್ದಿ ಊರಿಗೆ ಹೋಗಾಕ ಶುರು ಮಾಡಿದ್ವಿ, ತಿಂಗಳಿಗೆ ಎರಡು ಶನಿವಾರ. ವಿಚಾರ ಚಲೋ ಇತ್ತು, ಮಾಡಿದ್ದು ಕೆಟ್ಟಿತ್ತು. ಹೊಲಿಗಿ ಮಶೀನು ಒಯ್ದು ಟೇಲರಿಂಗ್ ಕಲಸ್ತೀವಿ ಅಂದ್ವಿ, ಜೊತಿಗೆ ಒಂದು ಚೀಲ ಹಳೇ ಸೀರಿ. ಅಲ್ಲಿ ಒಬ್ಬ ಅಜ್ಜಿ ಚೀಲದಾಗ ಕೈ ಹಾಕಿ ಒಂದು ಸೀರಿ ತೆಗದ್ಳು, ಸೆರಗಿನಿಂದ ನೆರಿಗಿತನಕ ಹರಿದಿತ್ತು, ಬೆಳಕಿಗೆ ಹಿಡದು ನೋಡಿ, ಇದನ್ನ ನಿಮ್ಮ ಕೆಲಸದಾಕಿನೂ ಒಲ್ಲೆ ಅಂದ್ಳೇನ್ರೀ ಅಕ್ಕಾರ ಅಂದ್ಳು. ಸಿಟ್ಟಿಲ್ಲದ ಕೇಳಿದ್ಳು, ಅದ ನಮಗ ಭಾಳ ಚುಚ್ಚಿತು. ಮಶೀನಿನ ಮ್ಯಾಲೆ ಆರು ತಿಂಗಳು ಧೂಳು ಕುಂತಿತ್ತು.

ಇನ್ನೊಂದು, ಇದನ್ನ ಹೇಳಾಕ ನಾಚಿಕಿ ಆಗ್ತದ. ನಾವು ಬುತ್ತಿ ಕಟ್ಕೊಂಡು ಹೋಗಿ ಟೆಂಪೋ ನೆರಳಿನ್ಯಾಗ ಕುಂತು ಉಣ್ತಿದ್ವಿ, ಅವ್ರಿಗ್ಯಾಕ ತ್ರಾಸು ಅಂತ. ಮೂರನೇ ಸಲಕ್ಕ ಅದ ಅಜ್ಜಿ ಬಂದು, ನಮ್ಮ ಮನಿ ಅನ್ನ ಹೊಟ್ಟಿಗೆ ಆಗೂದಿಲ್ಲೇನ್ರೀ ಅಂದ್ಳು. ಏಸುವಿನ ಶಿಷ್ಯ ಪೇತ್ರನ ಕಥಿ ಗೊತ್ತಿದ್ದವ್ರಿಗೆ ಇದು ಹೊಸಾದಲ್ಲ. ಅಂತಿಯೋಕ್ಯದಾಗ ಅಂವ ಯೆಹೂದ್ಯರಲ್ಲದ ಬ್ಯಾರೆ ಜನಾಂಗದವರ ಜೋಡಿ ಕುಂತು ಉಣ್ತಿದ್ದ, ಯೆರೂಸಲೇಮಿನಿಂದ ತನ್ನ ಮಂದಿ ಬಂದದ್ದ ತಡ, ಮೆಲ್ಲಕ ಎದ್ದು ಬ್ಯಾರೆ ಕುಂತ. ಇನ್ನೊಬ್ಬ ಧರ್ಮಪ್ರಚಾರಕ ಪೌಲ ಎಲ್ಲಾರ ಮುಂದ ಅವನ ಮಾರಿಗೆ ಬೈದ. ಪೇತ್ರ ಅಂದ್ರ ಸಣ್ಣಾಂವ ಅಲ್ರೀ, ಕೊರ್ನೇಲ್ಯ ಅನ್ನೋ ರೋಮನ್ ದಂಡಿನ ಅಧಿಕಾರಿ ಮನಿಗೆ ಹೋಗಿ ದೇವರು ಪಕ್ಷಪಾತಿ ಅಲ್ಲ ಅಂತ ಬಾಯಿಲೆ ಹೇಳಿ ಬಂದಾಂವ. ಬೈಬಲಿನ್ಯಾಗ ನನಗ ಇದ ಸೇರ್ತದ, ಆದರ್ಶ ಅನ್ನಿಸ್ಕೊಂಡವರ ತಪ್ಪೂ ಮುಚ್ಚಿ ಇಟ್ಟಿಲ್ಲ. ಅವತ್ತಿನಿಂದ ಅಜ್ಜಿ ಮನ್ಯಾಗ ಊಟ. ಮೀನಿನ ಸಾರು ಮಾಡಿದ್ರ ನಾ ಎರಡು ಸಲ ಹಾಕಿಸ್ಕೋತೀನಿ.

ಕೌದಿ, ಅಂದ್ರ ಹಳೇ ಅರಿವಿ ತುಂಡು ಕೂಡಿಸಿ ಹೊಲಿಯೋ ಹಾಸಿಗಿ-ಹೊದಿಕಿ, ಅದರ ಕೆಲಸ ಹೆಂಗ ಶುರು ಆತಂದ್ರ, ನಮ್ಮೊಳಗ ಒಬ್ಬಾಕಿ ಅಜ್ಜಿ ಹಾಸಿದ್ದ ಕೌದಿ ನೋಡಿ ದಂಗಾದ್ಳು. ನಮ್ಮ ಕಡೆನೂ ಕೌದಿ ಐತಿ, ಗೊತ್ತೈತಲ್ರೀ, ಆದ್ರ ಸಿದ್ದಿ ಹೆಣ್ಣಮಕ್ಕಳ ಕೌದಿ ಚಾಳಿ ಬ್ಯಾರೆ. ಅವ್ರು ಒಂದು ಮೂಲಿಯಿಂದ ಹಿಡದು ಅಂಚಿಗುಂಟ ಸುತ್ತು ಹಾಕ್ಕೋತ ನಡುವಿಗೆ ಬರ್ತಾರ, ತುಂಡಿನ ಮ್ಯಾಲೆ ತುಂಡು, ಸಾಲು ಸಾಲು ಕೈಹೊಲಿಗಿ, ಕಡೀಕ ನಾಲ್ಕೂ ಮೂಲಿಗೆ ಬಣ್ಣದ ಅರಿವಿ ಮಡಚಿ ಫೂಲ ಅಂತ ಇಡ್ತಾರ. ಫೂಲ ಇಲ್ಲದ ಕೌದಿ ಬತ್ತಲಿ ಇದ್ದಂಗ ಅಂತ ಅಂತಾರ. ನಮ್ಮ ಟೇಲರಿಂಗ್ ಅಲ್ಲೇ ನಿಂತಿತು, ನಾವು ಕಲಿಯಾಕ ಕುಂತ್ವಿ. ನನ್ನ ಹೊಲಿಗಿ ನೋಡಿ ಅಜ್ಜಿ ಬಿಚ್ಚಿಸಿದ್ದು ಎಷ್ಟ ಸಲ ಅಂತ ಲೆಕ್ಕ ಇಲ್ಲ, ಸಾಲ್ಯಾಗ ನಾ ಮಕ್ಕಳಿಗೆ ಮಾಡಿದ್ದೆಲ್ಲಾ ತಿರುಗಿ ಬಂತು.

ಕೌದಿ ಮಾರಿ ರೊಕ್ಕ ಬರಾಕತ್ತಿದಾಗ ನಮ್ಮೊಳಗ ಜಗಳ. ಲೆಕ್ಕಾ ಯಾರು ಇಡಬೇಕು? ನಾವು ಇಡ್ತೀವಿ, ಅವ್ರಿಗೆ ಬ್ಯಾಂಕಿಂದು ತಿಳಿಯೂದಿಲ್ಲ ಅಂತ ಅರ್ಧ ಮಂದಿ. ಅವತ್ತ ನಾ ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ ಓದಿದೆ. ಯೆರೂಸಲೇಮಿನ ಸಭೆಯೊಳಗ ದಿನಾ ಊಟ ಹಂಚೂ ಮುಂದ ಗ್ರೀಕ್ ಮಾತಾಡೋ ವಿಧವೆಯರಿಗೆ ಪಾಲು ಸಿಗವಲ್ದು ಅಂತ ತಕರಾರು ಎದ್ದಿತು. ಅವಾಗ ಏಳು ಮಂದೀನ್ನ ಆರಿಸಿದ್ರು, ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು ನೋಡ್ರಿ. ತಕರಾರು ಮಾಡಿದವರ ಕಡಿಯವರ ಕೈಯಾಗ ಸೌಟು ಕೊಟ್ರು ಅಂತ ನಾ ಓದ್ಕೋತೀನಿ. ಆ ಫಿಲಿಪ್ಪನ ಮುಂದ ಇಥಿಯೋಪ್ಯದ ಅಧಿಕಾರಿಯ ರಥದಾಗ ಹತ್ತಿ ಕುಂತಾಂವ. ನಮ್ಮ ಪಾಸ್‌ಬುಕ್ಕು ಈಗ ಆ ಊರಿನ ಇಬ್ಬರು ಹೆಣ್ಣಮಕ್ಕಳ ಹೆಸರಿನ್ಯಾಗ ಐತಿ, ಲೆಕ್ಕದಾಗ ಹತ್ತು ರೂಪಾಯಿ ಹೆಚ್ಚುಕಮ್ಮಿ ಆದ್ರ ನಮ್ಮನ್ನ ನಿಲ್ಲಿಸಿ ಕೇಳ್ತಾರ.

ಕೌದಿ ಹೊಲಿಯೂ ಮುಂದ ಒಬ್ಬೊಬ್ಬರು ಒಂದೊಂದು ಕಥಿ ಹೇಳೂದು ರೂಢಿ ಆಗೈತಿ. ನಾ ಎಬೆದ್ಮೆಲೆಕನ ಕಥಿ ಹೇಳಿದೆ. ಪ್ರವಾದಿ ಯೆರೆಮೀಯನ್ನ ಅರಸನ ಸರದಾರರು ಬಾವಿಗೆ ಇಳಿಬಿಟ್ರು, ನೀರಿಲ್ಲ, ಬರೇ ಕೆಸರು, ಅಂವ ಅದ್ರಾಗ ಹೂತ. ಆತನ ಸ್ವಂತ ಮಂದಿ ಯಾರೂ ಬಾಯಿ ಬಿಡಲಿಲ್ಲ. ಅರಮನ್ಯಾಗ ಚಾಕರಿ ಮಾಡೋ ಒಬ್ಬ ಕೂಷ್ ದೇಶದಾಂವ, ಕರ್ರಗಿನ ಪರದೇಶಿ, ಅಗಸಿ ಬಾಗಲದಾಗ ಕುಂತ ಅರಸನ ಕಡೆ ಹೋಗಿ ಇದು ಅನ್ಯಾಯ ಅಂದ. ಎಬೆದ್ಮೆಲೆಕ ಅಂದ್ರ ಅರಸನ ಆಳು ಅಂತ ಅರ್ಥ, ಅಂವನ ಖರೇ ಹೆಸರು ಅದ ಇತ್ತೋ ಏನೋ, ನಮ್ಮ ಪ್ಯಾಟ್ಯಾಗ ಏ ಸಿದ್ದಿ ಅಂತ ಕರದಂಗ. ಅಂವ ಮಂದಿ ಕರ್ಕೊಂಡು ಬಾವಿಗೆ ಹೋಗೂದಕ್ಕಿಂತ ಮೊದಲ ಅರಮನಿ ಖಜಾನೆ ಕೆಳಗಿನ ಖೋಲಿಗೆ ಹೋಗಿ ಹಳೇ ಹರಕ ಅರಿವಿ ತಗೊಂಡ. ಹಗ್ಗದ ಜೋಡಿ ಅದನ್ನ ಇಳಿಬಿಟ್ಟು, ಇದನ್ನ ಕಂಕಳಕ್ಕ ಇಟ್ಕೊ, ಹಗ್ಗ ಒತ್ತಬಾರದು ಅಂದ.

ಅಜ್ಜಿ ಸೂಜಿ ನಿಲ್ಲಿಸಿ, ಹಳೇ ಅರಿವಿ ಮೆತ್ತಗಿರ್ತಾವಲ್ಲ, ಅಂವಗ ಗೊತ್ತಿತ್ತು ಅಂದ್ಳು. ಆಮ್ಯಾಲೆ, ಆದ್ರ ತೊಳದಿರಬೇಕು ಅಂತ ನನ್ನ ಕಡೆ ನೋಡಿ ನಕ್ಕಳು. ಚೀಲದ ಸೀರಿ ಇನ್ನೂ ಮರ್ತಿಲ್ಲ.

ಆ ಪರದೆ ಎಳಿಯೋ ಹುಡುಗ ಈಗ ದಾಂಡೇಲ್ಯಾಗ ಅದಾನ. ಫೋನ್ ಮಾಡಿದ್ದೆ. ಕಾಡಿಗಿ ಮಾತು ಎತ್ತಿದೆ. ಅಂವಗ ನೆನಪಿಲ್ಲಂತ. ಅಥವಾ ನನ್ನ ಸಲುವಾಗಿ ಹಂಗ ಅಂದಿರಬಹುದು, ಟೀಚರ್ ಅಳಬಾರದು ಅಂತ.

ಕೌದಿಗೆ ಸೀರಿ ಕೊಡೋ ಮನಸಿದ್ದವ್ರು ಹತ್ತಿ ಸೀರಿ ಕೊಡ್ರಿ, ಸಿಂಥೆಟಿಕ್ ಬ್ಯಾಡ, ಸೂಜಿ ಜಾರತೈತಿ. ಒಗದು, ಬಿಸಿಲಿಗೆ ಒಣಗಿಸಿ, ಮಡಚಿ ತರ್ರಿ. ಮತ್ತ ಹೊಲಿಯಾಕ ಬರೋರು ಬುತ್ತಿ ತರಬ್ಯಾಡ್ರಿ, ಅಜ್ಜಿ ಸಿಟ್ಟಾಗ್ತಾಳ. ನಮಸ್ಕಾರ್ರೀ.