ಸರ್ಕಾರ ಆಗಲೇ ಒಳಗೆ ಬಂದಿದೆ

ಎಲ್ಲರಿಗೂ ನಮಸ್ಕಾರ. ಬಿಸಿಬೇಳೆಬಾತಿನ ಘಮ ವೇದಿಕೆಯವರೆಗೂ ಬರ್ತಿದೆ, ಹಾಗಾಗಿ ಪೀಠಿಕೆ ಬೇಡ.

2025ರ ಅಕ್ಟೋಬರ್ 1ರಿಂದ 43 ದಿನ, ಖರ್ಚಿನ ಮಸೂದೆ ಪಾಸಾಗದೆ, ಇಲ್ಲಿ ಅಮೆರಿಕದ ಫೆಡರಲ್ ಸರ್ಕಾರ ಬಾಗಿಲು ಹಾಕಿಕೊಂಡಿತ್ತಲ್ಲ, ಆಗ ನಮ್ಮ ಮನೆಗಳಲ್ಲೂ ಜಗಳ ಆಯಿತು. ಒಬಾಮಾಕೇರ್, ಅಂದರೆ ಅಧ್ಯಕ್ಷ ಒಬಾಮಾ 2010ರಲ್ಲಿ ತಂದ ಆರೋಗ್ಯ ವಿಮೆ ಕಾನೂನು, ಅದರ ಪ್ರೀಮಿಯಂಗೆ 2021ರಲ್ಲಿ ಜಾಸ್ತಿ ಮಾಡಿದ್ದ ಸಹಾಯಧನ ಮುಂದುವರಿಯಲಿ ಅಂತ ಡೆಮಾಕ್ರಟರು, ಮೊದಲು ಸರ್ಕಾರದ ಬಾಗಿಲು ತೆಗೆಯಿರಿ ಅಂತ ರಿಪಬ್ಲಿಕನ್ನರು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಗೆಳೆಯರೊಬ್ಬರು ಬರೆದರು, "ಸರ್ಕಾರಕ್ಕೆ ಆಸ್ಪತ್ರೆಯಲ್ಲಿ ಏನು ಕೆಲಸ?" ಆ ಒಂದು ಸಾಲು ನನಗೆ ನಿದ್ದೆ ಕೆಡಿಸಿತು. ನಾನು ಹೇಳುವುದು ಇಷ್ಟೇ: ಸರ್ಕಾರ ಆಗಲೇ ಒಳಗೆ ಬಂದಿದೆ. ಯಾರ ಕೈ ಹಿಡಿಯುತ್ತದೆ, ಯಾರದು ಬಿಡುತ್ತದೆ ಅನ್ನುವುದಷ್ಟೇ ಉಳಿದ ಪ್ರಶ್ನೆ.

ಕಂಪನಿ ಕೊಡುವ ಇನ್ಶೂರೆನ್ಸನ್ನೇ ನೋಡಿ. ಎರಡನೇ ಮಹಾಯುದ್ಧದ ಹೊತ್ತಿಗೆ ಸರ್ಕಾರ ಸಂಬಳ ಏರದಂತೆ ಹಿಡಿದಿಟ್ಟಿತು. ಕೆಲಸಗಾರರನ್ನು ಉಳಿಸಿಕೊಳ್ಳಬೇಕಲ್ಲ, ಕಂಪನಿಗಳು ಇನ್ಶೂರೆನ್ಸ್ ಕೊಡಲು ಶುರು ಮಾಡಿದವು. 1954ರಲ್ಲಿ ಅದಕ್ಕೆ ತೆರಿಗೆ ಇಲ್ಲ ಅಂತ ಕಾನೂನಿನಲ್ಲೇ ಬರೆದರು. ಆ ರಿಯಾಯಿತಿ ನಮ್ಮೆಲ್ಲರ ಪೇ ಸ್ಲಿಪ್‌ನಲ್ಲಿ ಇವತ್ತಿಗೂ ಇದೆ. ಸರ್ಕಾರದ ದುಡ್ಡೇ ಅಲ್ವಾ ಅದು?

ಇನ್ನು ಅಮ್ಮನ ಕಥೆ. ಕೆಲವರು ಮೊದಲೇ ಕೇಳಿದ್ದೀರಿ, ಆದರೂ ಹೇಳುತ್ತೇನೆ. ಅಮ್ಮ ಮೈಸೂರಿನಿಂದ ಬಂದು ಮೂರನೇ ವಾರ ರಾತ್ರಿ ಎದೆ ಹಿಡಿದುಕೊಂಡರು. ಎಮರ್ಜೆನ್ಸಿಗೆ ಓಡಿದೆವು. ಅಮ್ಮನ ಒಂದೇ ಮಾತು, "ಮೊದಲು ಎಷ್ಟಾಗತ್ತೆ ಕೇಳೋ." ನರ್ಸ್ ಮಾತ್ರ ದುಡ್ಡಿನ ಮಾತೇ ಎತ್ತದೆ ಇಸಿಜಿ ತೆಗೆದರು. ದೇವರು ದೊಡ್ಡವನು, ಹೃದಯಕ್ಕೆ ಏನೂ ಆಗಿರಲಿಲ್ಲ. ಆಮೇಲೆ ಬಿಲ್ ಬಂತು. ಬಿಪಿ ಊರಿನಿಂದಲೇ ಇತ್ತು, ಹಳೇ ಕಾಯಿಲೆಗೆ ಕೊಡುವುದಿಲ್ಲ ಅಂತ ವಿಸಿಟರ್ ಇನ್ಶೂರೆನ್ಸ್‌ನವರು ಕೈ ಎತ್ತಿದರು. ಎರಡು ವರ್ಷ ಕಂತು ಕಟ್ಟಿದೆ. ಇದರಲ್ಲಿ ನನ್ನನ್ನು ಕಾಡಿದ ಎರಡು ವಿಷಯ ಇವೆ. ದುಡ್ಡಿದೆಯೋ ಇಲ್ಲವೋ ನೋಡದೆ ಎಮರ್ಜೆನ್ಸಿಯಲ್ಲಿ ಪರೀಕ್ಷೆ ಮಾಡಲೇಬೇಕು ಅನ್ನುವ ಕಾನೂನು 1986ರದು, ಸಹಿ ಹಾಕಿದವರು ರಿಪಬ್ಲಿಕನ್ ಅಧ್ಯಕ್ಷ ರೇಗನ್. ಅಲ್ಲೂ ಸರ್ಕಾರ ಒಳಗಿತ್ತು. ಇನ್ನೊಂದು, ಅಮ್ಮನಿಗೆ ಹೇಳಿದ ಆ "ಹಳೇ ಕಾಯಿಲೆ" ಮಾತನ್ನು, ಸ್ವಂತವಾಗಿ ಇನ್ಶೂರೆನ್ಸ್ ಕೊಳ್ಳುವ ಇಲ್ಲಿಯ ಜನರಿಗೂ ಒಬಾಮಾಕೇರ್ ನಿಯಮ ಜಾರಿಗೆ ಬಂದ 2014ರ ತನಕ ಹೆಚ್ಚಿನ ರಾಜ್ಯಗಳಲ್ಲಿ ಹೇಳಬಹುದಿತ್ತು. ಸಕ್ಕರೆ ಕಾಯಿಲೆ ಇದ್ದವರು, ಕ್ಯಾನ್ಸರ್ ಗೆದ್ದು ಬಂದವರು, ಎಲ್ಲರಿಗೂ.

ವಿರೋಧಿಸುವವರ ಮಾತಲ್ಲೂ ನ್ಯಾಯ ಇದೆ. ಅಂಗಡಿ ನಡೆಸುವ ಗೆಳೆಯರೊಬ್ಬರ ಪ್ರೀಮಿಯಂ 2014ರ ನಂತರ ಏರುತ್ತಲೇ ಹೋಯಿತು, ಆಗ ಅವರ ಆದಾಯಕ್ಕೆ ಸಹಾಯಧನವೂ ಇರಲಿಲ್ಲ. ಅವರ ಸಿಟ್ಟು ಸುಮ್ನೆ ಬಂದದ್ದಲ್ಲ. "ಇನ್ಶೂರೆನ್ಸ್ ಕೊಳ್ಳಲೇಬೇಕು ಅನ್ನೋಕೆ ಇವರು ಯಾರು?" ಅಂತ ಕೇಳುತ್ತಿದ್ದರು. ಆದರೆ ಆ ಕಡ್ಡಾಯದ ಯೋಚನೆಯನ್ನು 1989ರಲ್ಲಿ ಮುಂದಿಟ್ಟದ್ದು ಬಲಪಂಥೀಯರ ಚಿಂತಕರ ಸಂಸ್ಥೆ ಹೆರಿಟೇಜ್ ಫೌಂಡೇಶನ್. 2006ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಜಾರಿಗೆ ತಂದದ್ದು ರಿಪಬ್ಲಿಕನ್ ಗವರ್ನರ್ ರಾಮ್ನಿ. ಅದೇ ಯೋಚನೆಯನ್ನು ಒಬಾಮಾ ತಂದಾಗ, 2010ರ ಮಾರ್ಚ್‌ನಲ್ಲಿ, ಸಂಸತ್ತಿನ ಕೆಳಮನೆ ಹೌಸ್‌ನಲ್ಲಿ ಮತ 219ಕ್ಕೆ 212. ಪರವಾಗಿ ಒಬ್ಬ ರಿಪಬ್ಲಿಕನ್ನರೂ ಇಲ್ಲ.

ಯಾವಾಗಲೂ ಹೀಗಿರಲಿಲ್ಲ. ಎಲ್ಲರಿಗೂ ಇನ್ಶೂರೆನ್ಸ್ ಬೇಕು ಅಂತ 1945ರಲ್ಲೇ ಆಗಿನ ಅಧ್ಯಕ್ಷ ಟ್ರೂಮನ್ ಕೇಳಿದ್ದರು. ಇದು ಸಮಾಜವಾದ ಅಂತ ಡಾಕ್ಟರುಗಳ ಸಂಘ ಬೊಬ್ಬೆ ಹಾಕಿತು, ಆಗಲಿಲ್ಲ. ಇಪ್ಪತ್ತು ವರ್ಷ ಆದ ಮೇಲೆ, 1965ರ ಜುಲೈ 30ರಂದು, ಹಿರಿಯರಿಗೆ ಸರ್ಕಾರ ಕೊಡುವ ಇನ್ಶೂರೆನ್ಸ್ ಮೆಡಿಕೇರ್‌ಗೆ ಸಹಿ ಹಾಕಲು ಅಧ್ಯಕ್ಷ ಜಾನ್ಸನ್ ವಾಷಿಂಗ್ಟನ್ ಬಿಟ್ಟು ಟ್ರೂಮನ್ ಅವರ ಊರಿಗೇ ಹೋದರು. 81 ವರ್ಷದ ಆ ಹಿರಿಯರ ಪಕ್ಕ ಕೂತು ಸಹಿ ಮಾಡಿದರು, ಆಮೇಲೆ ಮೊದಲ ಕಾರ್ಡನ್ನೂ ಅವರಿಗೇ ಕೊಟ್ಟರು. ಸೋತ ಮನುಷ್ಯನ ಮನೆ ಬಾಗಿಲಿಗೆ ಹೋಗಿ ಗೆಲುವು ಒಪ್ಪಿಸುವುದು ಅಂದರೆ ಅದು. ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಆ ಮಸೂದೆಗೆ ಹೌಸ್‌ನಲ್ಲಿ 70 ರಿಪಬ್ಲಿಕನ್ನರೂ ಹೂಂ ಅಂದಿದ್ದರು.

ಅಯ್ಯೋ, ಸಮಯ ಆಯಿತು ಅಂತ ಎರಡನೇ ಚೀಟಿ ಬಂತು. ಔಷಧದ ಬೆಲೆ ಬಗ್ಗೆ ಹೇಳಬೇಕಿತ್ತು, ಬಿಡಿ. ಬಡವರ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇಡ್ ಬಗ್ಗೆ ಒಂದೇ ಮಾತು. ಅದನ್ನು ವಿಸ್ತರಿಸುವುದು ರಾಜ್ಯಗಳ ಇಷ್ಟ ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಟೆಕ್ಸಾಸ್, ಫ್ಲಾರಿಡಾ ಇನ್ನೂ ಒಪ್ಪಿಲ್ಲ. ಒಂದೇ ದೇಶದಲ್ಲಿ ಬಡವರಿಗೆ ಗಡಿ ದಾಟಿದರೆ ಬೇರೆ ನ್ಯಾಯ.

ಪ್ರಶ್ನೆ ಇದ್ದವರು ಊಟದ ಸಾಲಿನಲ್ಲಿ ಸಿಗಿ. ವಾಟ್ಸಾಪ್‌ನಲ್ಲಿ ಆ ಸಾಲು ಬರೆದ ಗೆಳೆಯರೂ ಇಲ್ಲೇ ಇದ್ದಾರೆ. ನಾನು ಅವರ ಪಕ್ಕದಲ್ಲೇ ಕೂರುತ್ತೇನೆ.